ಈರಣ್ಣ ತಾತನನ್ನು ಅಳಿಸಿದ ಸುಗ್ಗಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನ ಗೇಟಿನಲ್ಲಿ ನಲವತ್ತು ಸುಗ್ಗಿ ಕೂತಿದ್ದ ಮುದುಕನನ್ನು ಅಲ್ಲಿಂದ ಎಬ್ಬಿಸಿದವನು ನಾನು. ಕೈ ಹಿಡಿದು ಎಳೆಯಲಿಲ್ಲ, ಬೈಯಲಿಲ್ಲ. ಬಳ್ಳಾರಿಯಲ್ಲಿ, ಎರಡನೇ ಮಹಡಿಯ ಆಫೀಸಿನಲ್ಲಿ, ಬಲಗೈಯಲ್ಲಿ ಮಿರ್ಚಿ ಬಜ್ಜಿ ಹಿಡಿದುಕೊಂಡು ಎಡಗೈಯ ಒಂದೇ ಬೆರಳಿನಿಂದ ಅವನ ಹೆಸರು ಟೈಪು ಮಾಡಿ ಅಳಿಸಿದೆ. ಅಳಿಸುವಾಗ ಅವನದೇ ದನಿ ತೆಗೆದು ಆಫೀಸಿನವರನ್ನು ನಗಿಸಿಯೂ ಇದ್ದೆ. ಮಿರ್ಚಿ ಚೆನ್ನಾಗಿತ್ತು ಎಂಬುದೂ ನೆನಪಿದೆ. ಇಂಥವು ಮಾತ್ರ ಮರೆಯುವುದಿಲ್ಲ.

ಹೋದ ವಾರ ಕುರುಗೋಡಿಗೆ ಹೋಗಿದ್ದೆ. ಬಸ್ಸಿಳಿದು, ಬಂಡೆಗುಡ್ಡದ ನೆರಳು ದಾಟಿ ಮಿಲ್ಲಿನ ಕಡೆ ತಿರುಗಿದ ಕೂಡಲೇ ಭತ್ತ ಬೇಯಿಸುವ ವಾಸನೆ ಮೂಗಿಗೆ ಬಡಿಯಿತು. ಬಿಸಿ ಹಬೆ, ತೌಡು, ಒದ್ದೆ ಗೋಣಿ ಚೀಲ, ಎಲ್ಲ ಸೇರಿದ ವಾಸನೆ ಅದು. ಬೇರೆಯವರಿಗೆ ಹಸಿವಾಗುತ್ತದಂತೆ. ನಾನು ಮೂಗು ಮುಚ್ಚಿಕೊಳ್ಳುತ್ತೇನೆ. ಗೇಟಿನ ಪಕ್ಕ ನಿಂತೆ. ಅಲ್ಲಿ ಯಾರೂ ಕೂತಿರಲಿಲ್ಲ. ಕುರುಗೋಡಿನ ಆ ಮಿಲ್ಲಿನಲ್ಲಿ ಹಿಂದೆಯೂ ಯಾರೂ ಕೂರುತ್ತಿರಲಿಲ್ಲ. ಗೋಡೆಗೆ ಹೊಡೆದ ಒಂದು ಡಬ್ಬಿ, ಅದರಲ್ಲಿ ಕೆಂಪು ಅಂಕಿ, ಅಷ್ಟೇ. ಅದನ್ನು ನೋಡುತ್ತ ನಿಂತವನಿಗೆ ಎರಡು ವರ್ಷದ ಹಿಂದಿನ ಆ ಸುಗ್ಗಿ ಪೂರ್ತಿ ಬಂದು ಎದುರು ನಿಂತಿತು.

ನನ್ನ ಹೆಸರು ಪಂಪಾಪತಿ, ಆಫೀಸಿನಲ್ಲಿ ಪಂಪ. ನನಗೆ ಬರುವ ವಿದ್ಯೆ ಎರಡು. ಒಂದು, ಪ್ರೋಗ್ರಾಂ ಬರೆಯುವುದು. ಎರಡು, ಮಂದಿಯ ದನಿ ತೆಗೆಯುವುದು. ಮೊದಲನೆಯದಕ್ಕೆ ಸಂಬಳ, ಎರಡನೆಯದಕ್ಕೆ ಪುಕ್ಕಟೆ ಟೀ. ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ‘ತೆಕ್ಕಲಕೋಟಿ ಸಿರುಗುಪ್ಪಾ’ ಎಂದು ಕಂಡಕ್ಟರನಂತೆ ಕೂಗಿ ಒಂದು ಸಂಸಾರವನ್ನೇ ತಪ್ಪು ಬಸ್ಸಿಗೆ ಹತ್ತಿಸಿದ ದಾಖಲೆ ನನ್ನದು. ನಮ್ಮ ಮಾಲೀಕರಾದ ಗಾದಿಲಿಂಗಪ್ಪ ಸರ್ ಮೂರು ಸಲ ಸೀನಿ, ಕನ್ನಡಕ ತೆಗೆದು, ‘ಅಂದ್ರ ಈಗ ಏನಾತು ಅಂದ್ರ’ ಎಂದು ಶುರು ಮಾಡುವುದನ್ನು ಅವರ ಎದುರಿಗೇ ಮಾಡಿ ತೋರಿಸಿದ್ದೇನೆ. ಅವರೂ ನಕ್ಕಿದ್ದರು. ನನ್ನ ಸ್ವಂತ ದನಿಯಲ್ಲಿ ಫೋನು ಮಾಡಿದರೆ ಮಾತ್ರ ನಮ್ಮವ್ವ ‘ಯಾರಪ್ಪಾ ನೀನು’ ಅನ್ನುತ್ತಾಳೆ.

ನಮ್ಮದು ಅಕ್ಕಿ ಮಿಲ್ಲುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಆಫೀಸು. ಭತ್ತದ ಟ್ರ್ಯಾಕ್ಟರ್ ಕಾಟಾದ ಮೇಲೆ ನಿಂತರೆ ತೂಕ ಬರಬೇಕು, ಒಂದು ಹಿಡಿ ಭತ್ತವನ್ನು ಮೀಟರಿಗೆ ಸುರಿದರೆ ತೇವ ಎಷ್ಟಿದೆ ಎಂದು ಗೇಟಿನ ಡಬ್ಬಿಯಲ್ಲಿ ಕೆಂಪು ಅಂಕಿ ಮೂಡಬೇಕು. ಹದಿನಾಲ್ಕರ ಒಳಗಿದ್ದರೆ ಗಾಡಿ ಒಳಗೆ. ಮೇಲಿದ್ದರೆ ವಾಪಸ್ಸು, ಒಣಗಿಸಿ ತನ್ನಿ.

ಈ ಸಾಫ್ಟ್‌ವೇರ್ ಎಂಬುದು ಒಂದೇ ದೊಡ್ಡ ಮುದ್ದೆಯಲ್ಲ. ತೂಕ ಓದುವುದು ಒಂದು ತುಣುಕು, ಚೀಟಿ ಅಚ್ಚು ಹಾಕುವುದು ಇನ್ನೊಂದು, ತೇವದ ಲೆಕ್ಕ ಮತ್ತೊಂದು. ಒಂದೊಂದನ್ನೂ ಗಂಟು ಕಟ್ಟಿ, ಹೆಸರು ಮತ್ತು ನಂಬರು ಹಚ್ಚಿ, ಅಂತರ್ಜಾಲದಲ್ಲಿ ಬೇರೆ ಕಂಪನಿಯವರು ನಡೆಸುವ ಗೋದಾಮಿನಲ್ಲಿ ಇಡುತ್ತಿದ್ದೆವು. ಗಂಟಿಗೆ ಪ್ಯಾಕೇಜ್ ಅನ್ನುತ್ತಾರೆ, ಗೋದಾಮಿಗೆ ರಿಜಿಸ್ಟ್ರಿ. ಮಿಲ್ಲಿನ ಕಂಪ್ಯೂಟರ್ ಹೆಸರು ಹಿಡಿದು ಕೇಳುತ್ತದೆ, ಗೋದಾಮು ಕೊಡುತ್ತದೆ. ಹೆಸರು ಸರಿಯಿದ್ದರೆ ಸಾಕು. ಒಳಗಿನದು ಗಟ್ಟಿಯೋ ಜೊಳ್ಳೋ ಎಂದು ಕಂಪ್ಯೂಟರ್ ಕಡಿದು ನೋಡುವುದಿಲ್ಲ.

ಕಡಿದು ನೋಡುತ್ತಿದ್ದವನು ಈರಣ್ಣ ತಾತ.

ಸಿರುಗುಪ್ಪದ ಮಿಲ್ಲಿನ ಗೇಟಿನಲ್ಲಿ ಬೇವಿನ ಗಿಡದ ಕೆಳಗೆ ಒಂದು ಕಲ್ಲು. ಕಲ್ಲಿನ ಮೇಲೆ ಮಡಚಿದ ಗೋಣಿ ಚೀಲ, ಚೀಲದ ಮೇಲೆ ತಾತ. ಗಾಡಿ ಬಂದರೆ ಚೀಲದೊಳಗೆ ಮೊಣಕೈವರೆಗೂ ಕೈ ಇಳಿಸಿ ತಳದ ಭತ್ತ ತೆಗೆಯುತ್ತಿದ್ದ. ಅಂಗೈಯಲ್ಲಿ ಉಜ್ಜಿ, ಊದಿ, ನಾಲ್ಕು ಕಾಳು ಬಾಯಿಗೆ ಹಾಕಿ ಬಲದವಡೆಯಲ್ಲಿ ಕಟ್ ಎನ್ನಿಸುತ್ತಿದ್ದ. ಆಮೇಲೆ ಆಕಾಶ ನೋಡಿ ತೀರ್ಪು ಹೇಳುತ್ತಿದ್ದ. ‘ಒಳಗ ಬಿಡು’ ಎನ್ನುತ್ತಿದ್ದ, ಇಲ್ಲವೇ ‘ಇನ್ನ ಒಂದು ಬಿಸಲು ಬೇಕಪ.’ ಅವನ ಲೆಕ್ಕದಲ್ಲಿ ತೇವಕ್ಕೆ ಅಳತೆ ಬಿಸಿಲು. ಒಂದು ಬಿಸಿಲು, ಅರ್ಧ ಬಿಸಿಲು, ಹೆಚ್ಚೆಂದರೆ ಎರಡು. ಅವನ ಮಾತಿಗೆ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳ ದೊಡ್ಡ ರೈತರಿಂದ ಹಿಡಿದು ತುಂಡು ಹೊಲದವರವರೆಗೆ ಯಾರೂ ಎದುರಾಡುತ್ತಿರಲಿಲ್ಲ. ಮಿಲ್ಲಿನ ಸಾಹುಕಾರರ ಸಂಬಂಧಿಕರ ಗಾಡಿಯನ್ನೂ ಅವನು ವಾಪಸ್ಸು ಕಳಿಸಿದ್ದನ್ನು ಎಲ್ಲರೂ ಕಂಡಿದ್ದರು.

ಮಿಲ್ಲಿಗೆ ಮೀಟರು ಬಂದಾಗ ಅದಕ್ಕೂ ತಾತನಿಗೂ ಮೊದಲ ದಿನದಿಂದಲೇ ಜಗಳ. ಮೀಟರಿನ ಕಂಪನಿಯವರ ಪುಸ್ತಕದ ಲೆಕ್ಕ ನಮ್ಮ ಕಡೆಯ ಭತ್ತಕ್ಕೆ ಹೊಂದುತ್ತಿರಲಿಲ್ಲ. ನಮ್ಮಲ್ಲಿ ಮಿಷನ್ನಿನಲ್ಲಿ ಕೊಯ್ದದ್ದು ನೇರ ಟ್ರ್ಯಾಕ್ಟರಿಗೆ ಬೀಳುತ್ತದೆ. ಹಸಿ ಎಲೆಯ ಚೂರು, ಜೊಳ್ಳು, ಬೆಳಗಿನ ಇಬ್ಬನಿ ಎಲ್ಲ ಸೇರಿ ಒಣಗಿದ ಕಾಳನ್ನೂ ಮೀಟರು ಹಸಿ ಎನ್ನುತ್ತಿತ್ತು. ಆಗ ನಮ್ಮ ಆಫೀಸಿನ ಹುಲಿಗೆಮ್ಮ ಒಂದು ಕೆಲಸ ಮಾಡಿದಳು. ನಾನು ಅಕ್ಕ ಅನ್ನುತ್ತೇನೆ, ಹುಲಿಗಕ್ಕ. ಕರೂರಿನವಳು, ಸ್ವತಃ ನಾಟಿ ಹಚ್ಚಿ ಬೆಳೆದವಳು. ಎರಡು ಸುಗ್ಗಿ ತಾತನ ಕಲ್ಲಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ತಾತ ಕಡಿದು ಹೇಳಿದ್ದನ್ನು ಬರೆದಳು, ಮೀಟರು ಹೇಳಿದ್ದನ್ನು ಬರೆದಳು, ಅದೇ ಭತ್ತವನ್ನು ಒಲೆಯಲ್ಲಿ ಒಣಗಿಸಿ ತೂಗಿ ನಿಜ ಯಾವುದು ಎಂಬುದನ್ನೂ ಬರೆದಳು. ನಿಜದ ಹತ್ತಿರ ಇದ್ದದ್ದು ತಾತ. ಆ ಬರಹದಿಂದ ಒಂದು ಲೆಕ್ಕ ಕಟ್ಟಿ ಗೋದಾಮಿಗೆ ಏರಿಸಿದಳು. ಪ್ಯಾಕೇಜಿಗೆ ಇಟ್ಟ ಹೆಸರು ‘ಈರಣ್ಣ-ತಾತ’.

ಅಲ್ಲಿಂದ ಮುಂದೆ ಮೀಟರೂ ತಾತನೂ ಒಂದೇ ಮಾತು. ಮಿಲ್ಲಿನ ಸಾಹುಕಾರರು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು, ನಮ್ಮ ತಾತ ಮಿಷನ್ನಿನಂಗ ಹೇಳ್ತಾನ ಎಂದು. ಮಿಷನ್ನು ತಾತನಂತೆ ಹೇಳುತ್ತಿದೆ ಎಂಬುದು ಅವರ ತಲೆಗೆ ಹೋಗಲೇ ಇಲ್ಲ. ನನ್ನ ತಲೆಗೂ ಹೋಗಲಿಲ್ಲ. ‘ತಾತನ್ನ ಕಂಪ್ಯೂಟ್ರಿನಾಗ ಕುಂದ್ರಿಸೀನಲೇ’ ಎಂದು ಅಕ್ಕ ಒಮ್ಮೆ ಹೇಳಿದಾಗ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ದಿನವಿಡೀ ಅಣಕಿಸುವವನಿಗೆ ಎದುರಿನವರೂ ಅಣಕಿಸುತ್ತಿದ್ದಾರೆ ಎಂದೇ ಅನಿಸುವುದು.

ಇನ್ನೊಂದು ಪದ್ಧತಿ ಹೇಳಬೇಕು. ಸುಗ್ಗಿ ಮುಗಿದ ಮೇಲೆ ಮಿಲ್ಲಿನ ಕಂಪ್ಯೂಟರುಗಳು ಧೂಳು, ಹೊಟ್ಟು, ಇಲಿಗಳ ಜೊತೆ ತಿಂಗಳುಗಟ್ಟಲೆ ಮಲಗಿರುತ್ತವೆ. ಹಾಗಾಗಿ ಗಾದಿಲಿಂಗಪ್ಪ ಸರ್ ಪ್ರತಿ ಸುಗ್ಗಿಯ ಮೊದಲ ದಿನ ತಾವೇ ಹೋಗಿ ಹಳೆಯದನ್ನೆಲ್ಲ ಅಳಿಸಿ, ಗೋದಾಮಿನಿಂದ ಎಲ್ಲವನ್ನೂ ಹೊಸದಾಗಿ ಇಳಿಸಿ, ಕಾಟಾಕ್ಕೆ ಕಾಯಿ ಒಡೆಸಿದ ಮೇಲೆಯೇ ಮೊದಲ ಗಾಡಿ. ಅಂದರೆ ನಮ್ಮ ಪ್ಯಾಕೇಜುಗಳನ್ನು ಯಾರಾದರೂ ಕೇಳುವುದು ಸುಗ್ಗಿಗೆ ಒಮ್ಮೆ. ಉಳಿದ ತಿಂಗಳೆಲ್ಲ ಗೋದಾಮಿನ ಲೆಕ್ಕದಲ್ಲಿ ಸೊನ್ನೆ.

ಆ ವರ್ಷ ಹುಲಿಗಕ್ಕ ಬಾಣಂತನಕ್ಕೆ ಕರೂರಿನ ತವರಿಗೆ ಹೋದಳು. ಹೋಗುವಾಗ ಗೋದಾಮಿನ ಪೂರ್ತಿ ಅಧಿಕಾರ ನನಗೆ ಕೊಟ್ಟಳು. ದಸರಾ ಕಳೆದ ವಾರ ಸರ್ ಕರೆದು, ಗೋದಾಮು ತುಂಬುತ್ತ ಬಂದಿದೆ, ಬೇಡದ್ದನ್ನೆಲ್ಲ ತೆಗೆದುಬಿಡು ಅಂದರು. ನನಗೆ ಅಷ್ಟು ಸಾಕಾಗಿತ್ತು. ಒತ್ತುವರಿ ತೆರವು ಮಾಡಲು ಬರುವ ಆಟೋದ ಮೈಕಿನ ದನಿ ತೆಗೆದೆ. ‘ಸಾರ್ವಜನಿಕರಲ್ಲಿ ವಿನಂತಿ, ತಮ್ಮ ತಮ್ಮ ಪ್ಯಾಕೇಜುಗಳನ್ನು ತಾವೇ ತೆರವು ಮಾಡಿಕೊಳ್ಳತಕ್ಕದ್ದು.’ ಆಫೀಸಿನವರು ಕುರ್ಚಿ ಎಳೆದುಕೊಂಡು ಬಂದು ಕೂತರು. ತೂಕ, ಚೀಟಿ ಎಂದು ಹೆಸರಿನಲ್ಲೇ ಗುರುತು ಸಿಗುವವನ್ನು ಬಿಟ್ಟು, ಆರು ತಿಂಗಳಿಂದ ಯಾರೂ ಕೇಳದ್ದನ್ನೆಲ್ಲ ಒಂದೊಂದಾಗಿ ಕೆಡವಿದೆ. ಹೆಚ್ಚಿನವು ನಿಜವಾಗಿಯೂ ಕಸ, ಅರ್ಧದಷ್ಟು ನನ್ನವೇ. ಕೊನೆಗೆ ‘ಈರಣ್ಣ-ತಾತ’ ಬಂತು. ಇಳಿಸಿಕೊಂಡವರು ಸೊನ್ನೆ. ಅಕ್ಕನ ತಮಾಷೆ ಇನ್ನೂ ಇಲ್ಲೇ ಇದೆಯಲ್ಲ ಎಂದು ಎಲ್ಲರಿಗೂ ತೋರಿಸಿದೆ. ಒಳಗೆ ಏನಿದೆ ಎಂದು ತೆರೆಯಲಿಲ್ಲ.

ಗೋದಾಮಿನವರು ಬುದ್ಧಿವಂತರು. ಅಳಿಸು ಎಂದ ಕೂಡಲೇ ಅಳಿಸುವುದಿಲ್ಲ. ನಿಜವಾಗಿಯೂ ಬೇಡವೇ, ಬೇಡವಾದರೆ ಅದರ ಹೆಸರನ್ನು ನಿನ್ನ ಕೈಯಿಂದಲೇ ಬರೆ ಅನ್ನುತ್ತಾರೆ. ನಾನು ಕಲ್ಪನೆಯ ಕಾಳು ಬಾಯಿಗೆ ಹಾಕಿ ಕಡಿದೆ, ಸೀಲಿಂಗ್ ಫ್ಯಾನಿನ ಕಡೆ ಕತ್ತೆತ್ತಿ ‘ಇದಕ್ಕ ಇನ್ನ ಬಿಸಲು ಬ್ಯಾಡಪ, ಹೊಂಟೀನಿ’ ಎಂದು ತಾತನ ದನಿಯಲ್ಲಿ ಅಂದೆ, ಒಂದೊಂದೇ ಅಕ್ಷರ ಒತ್ತಿದೆ. ಎಲ್ಲರೂ ನಕ್ಕರು. ಅವತ್ತಿನ ಟೀ ನನಗೆ ಎರಡು ಕಪ್ಪು.

ಎರಡು ವಾರ ಕಳೆದು ಸುಗ್ಗಿ ಶುರುವಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಸಿರುಗುಪ್ಪದಿಂದ ಸರ್ ಫೋನು. ಕಾಯಿ, ಹೂವು, ಊದುಬತ್ತಿ ತಯಾರಾಗಿದೆ, ಗಾಡಿಗಳು ಸಾಲು ನಿಂತಿವೆ, ತೇವದ ಲೆಕ್ಕ ಮಾತ್ರ ಇಳಿಯುತ್ತಿಲ್ಲ. ‘ಈರಣ್ಣ-ತಾತ’ ಸಿಗುತ್ತಿಲ್ಲ ಅಂತ ಬರುತ್ತಿದೆಯಲ್ಲೋ, ಯಾರು ತೆಗೆದದ್ದು ಎಂದು ಕೇಳಿದರು.

ನಾನು ಎಂಬ ಒಂದು ಮಾತು ಹೇಳಿದ್ದರೆ ಈ ಬರಹಕ್ಕೆ ಕೆಲಸವೇ ಇರುತ್ತಿರಲಿಲ್ಲ. ಗೋದಾಮಿನವರದೇ ಏನೋ ತೊಂದರೆ ಸರ್, ಅರ್ಧ ತಾಸು ಕೊಡಿ ಅಂದೆ. ಕೆಡವಿದ ಮನೆ ಹೇಗೆ ತಿರುಗಿ ಏಳುವುದಿಲ್ಲವೋ ಹಾಗೆ ಅಳಿಸಿದ ಪ್ಯಾಕೇಜೂ ತಿರುಗಿ ಬರುವುದಿಲ್ಲ ಎಂದು ನಂಬಿಕೊಂಡಿದ್ದೆ, ವಿಚಾರಿಸಲೂ ಇಲ್ಲ. ಕಪಾಟಿನಿಂದ ಮೀಟರಿನ ಕಂಪನಿಯ ಪುಸ್ತಕ ತೆಗೆದು, ಅದರ ಲೆಕ್ಕವನ್ನೇ ಇಪ್ಪತ್ತು ನಿಮಿಷದಲ್ಲಿ ಬರೆದು, ಅದೇ ಹೆಸರು, ಅದೇ ನಂಬರು ಹಚ್ಚಿ ಏರಿಸಿಬಿಟ್ಟೆ. ಮಿಲ್ಲಿನ ಕಂಪ್ಯೂಟರ್ ಹೆಸರು ಹಿಡಿದು ಕೇಳಿತು, ಗೋದಾಮು ನನ್ನದನ್ನು ಕೊಟ್ಟಿತು. ಕೆಂಪು ಅಂಕಿ ಮೂಡಿತು. ಫೋನಿನಲ್ಲೇ ಕಾಯಿ ಒಡೆದ ಸದ್ದು ಕೇಳಿಸಿತು. ಸರ್ ಶಹಬ್ಬಾಸ್ ಅಂದರು. ಮಧ್ಯಾಹ್ನ ಕುರುಗೋಡಿನಲ್ಲೂ ಅದನ್ನೇ ಇಳಿಸಿದರು.

ನಾನು ತೆಗೆದ ದನಿಗಳಲ್ಲೆಲ್ಲ ಯಾರಿಗೂ ಗೊತ್ತಾಗದ ದನಿ ಅದೊಂದೇ. ಮೊದಲೆರಡು ದಿನ ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಆ ವರ್ಷದ ಸುಗ್ಗಿಗೆ ಆಕಾಶ ನೆಟ್ಟಗಿರಲಿಲ್ಲ. ಸಮುದ್ರದ ಕಡೆ ಎಲ್ಲೋ ವಾಯುಭಾರ ಕುಸಿದಿದೆ ಎಂದು ಟಿವಿಯಲ್ಲಿ ದಿನವೂ ಹೇಳುತ್ತಿದ್ದರು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮೋಡ, ಸಂಜೆಗೆ ನಾಲ್ಕು ಹನಿ. ಕೊಯ್ದವರಿಗೆ ಮಿಲ್ಲು ಮುಟ್ಟಿಸುವ ಅವಸರ, ಕೊಯ್ಯದವರಿಗೆ ಭತ್ತ ನೆಲಕ್ಕೆ ಮಲಗುವ ಹೆದರಿಕೆ. ಹತ್ತು ದಿನ ಕಳೆದ ಮೇಲೆ, ಸಿರುಗುಪ್ಪದಲ್ಲಿ ಗಾಡಿಗಳು ಬಹಳ ವಾಪಸ್ಸಾಗುತ್ತಿವೆ, ಹೋಗಿ ಮೀಟರು ಒರೆಸಿ ಬಾ ಎಂದು ಸರ್ ಕಳಿಸಿದರು.

ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆಯ ಅರ್ಧಭಾಗ ಭತ್ತ. ಮೈಲಿಗಟ್ಟಲೆ ಹರವಿ, ಅಂಚಿಗೆ ಕಲ್ಲಿಟ್ಟು, ಹೆಂಗಸರು ಕಾಲಿನಿಂದ ಗೆರೆ ಎಳೆಯುತ್ತ ತಿರುವಿ ಹಾಕುತ್ತಿದ್ದರು. ಬಸ್ಸು ಹಾವಿನಂತೆ ಸರಿದಾಡಿಕೊಂಡು ಹೋಗುತ್ತಿತ್ತು. ಈ ಸಲ ಭಾಳ ಹಸಿ ಅಂತಾರಪ್ಪ ಎಂದು ಪಕ್ಕದವರು ಮಾತಾಡಿಕೊಂಡರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಮಿಲ್ಲಿನ ಗೇಟಿಗೆ ಬಂದರೆ ಬೇವಿನ ಕೆಳಗಿನ ಕಲ್ಲು ಖಾಲಿ. ಸಾಹುಕಾರರನ್ನು ಕೇಳಿದೆ. ಕ್ಯಾಂಪಿನವರು ಅವರು, ಮನೆಮಾತು ತೆಲುಗು, ಕನ್ನಡ ಅದರ ಮೇಲೆ ಸವಾರಿ ಮಾಡುತ್ತದೆ. ‘ತಾತಗ ವಯಸಾಯಿಪೋಯಿಂದಿ ಪಂಪಾ. ಮಿಷನು ಹದಿನಾರು ಅಂತೈತಿ, ಆಯ್ನ ಒಣಗೈತಿ ಅಂತಾನ. ಹೋದ ವರ್ಸ ಇಬ್ಬರೂ ಒಂದೇ ಹೇಳ್ತಿದ್ರು ಗದಾ?’ ಎಂದರು. ಹಲ್ಲು ಸತ್ತಿವೆ, ಇಲ್ಲದಿದ್ದರೆ ಯಾರೋ ರೈತರು ಕಿವಿ ಊದಿದ್ದಾರೆ ಎಂಬುದು ಅವರ ಲೆಕ್ಕ. ಎರಡನೆಯದನ್ನು ಹೇಳುವಾಗ ದನಿ ತಗ್ಗಿಸಿದರು. ಆರು ದಿನದ ಹಿಂದೆ, ಸಾಲುಗಟ್ಟಿದ್ದ ಗಾಡಿಗಳವರ ಎದುರಿಗೇ ತಾತನನ್ನು ಗೇಟಿನಿಂದ ಎಬ್ಬಿಸಿ ಚೀಲ ಹೊಲಿಯುವ ಶೆಡ್ಡಿಗೆ ಕಳಿಸಿದ್ದರು.

ನಾನು ಅಲ್ಲಿಯೇ ಹೇಳಬೇಕಾಗಿತ್ತು. ಅಷ್ಟರಲ್ಲಿ ಕಾಟಾದ ಹುಡುಗರು, ಲಾರಿ ಡ್ರೈವರುಗಳು ಸುತ್ತ ಸೇರಿದರು. ಹೋದ ವರ್ಷ ಅವರನ್ನೆಲ್ಲ ನಗಿಸಿ ಹೋಗಿದ್ದೆನಲ್ಲ, ಈಗ ಬಿಟ್ಟಾರೆಯೇ? ತಾತನ್ನ ಮಾಡು ಪಂಪಣ್ಣ, ಒಂದು ಸಲ ಮಾಡು ಎಂದರು. ಸಾಹುಕಾರರೂ ಮೀಸೆಯಲ್ಲಿ ನಕ್ಕು, ‘ಚೆಯ್ಯಿ ಚೆಯ್ಯಿ’ ಅಂದರು. ಹೆದರಿದ ಮನುಷ್ಯ ತನಗೆ ಬರುವ ಕೆಲಸವನ್ನೇ ಮಾಡುತ್ತಾನೆ. ನಾನು ಮಾಡಿದೆ. ಕೈ ಇಳಿಸಿದೆ, ಉಜ್ಜಿದೆ, ಊದಿದೆ, ಕಡಿದೆ, ಆಕಾಶ ನೋಡಿದೆ. ಜೊತೆಗೆ ಹೊಸದೊಂದು ಸೇರಿಸಿದೆ. ಕಡಿದ ಮೇಲೆ ದವಡೆ ಹಿಡಿದುಕೊಂಡು, ಹಲ್ಲು ಎಲ್ಲಿ ಬಿತ್ತೆಂದು ನೆಲದಲ್ಲಿ ಹುಡುಕಿದೆ. ಹೊಟ್ಟೆ ಹಿಡಿದು ನಕ್ಕರು.

ಹುಡುಕುತ್ತ ಬಗ್ಗಿದವನು ತಲೆ ಎತ್ತಿದಾಗ ಎದುರಿಗೆ ಶೆಡ್ಡು. ತಾತ ದಬ್ಬಣಕ್ಕೆ ಸುತ್ತಲಿ ದಾರ ಪೋಣಿಸುತ್ತ ನನ್ನನ್ನೇ ನೋಡುತ್ತಿದ್ದ. ಸಿಟ್ಟಿರಲಿಲ್ಲ. ಗಾಡಿಯ ಭತ್ತ ನೋಡುವಾಗ ಇರುತ್ತಿದ್ದ ನೋಟವೇ, ಎಷ್ಟು ಹಸಿ, ಎಷ್ಟು ಒಣ ಎಂದು. ಆಮೇಲೆ ತಲೆ ತಗ್ಗಿಸಿ ಚೀಲದ ಬಾಯಿ ಹೊಲಿಯತೊಡಗಿದ.

ಅದೇ ಹೊತ್ತಿಗೆ ಕರೂರಿನ ದುರುಗಮ್ಮ ಎಂಬುವಳ ಟ್ರ್ಯಾಕ್ಟರ್ ಕಾಟಾದ ಮೇಲಿತ್ತು. ಡಬ್ಬಿಯಲ್ಲಿ ಹದಿನಾರು. ಎರಡನೇ ಸಲ ವಾಪಸ್ಸಂತೆ. ಮೂರು ದಿನ ರಸ್ತೆಯ ಮೇಲೆ ಹರವಿ, ಮಧ್ಯೆ ಹನಿ ಬಿದ್ದಾಗ ಮನೆಯ ಕೌದಿ, ಸೀರೆ ಎಲ್ಲ ತಂದು ಮುಚ್ಚಿ ಒಣಗಿಸಿದ ಭತ್ತ. ಅವಳು ಡಬ್ಬಿಯ ಕಡೆ ನೋಡಲಿಲ್ಲ. ಶೆಡ್ಡಿನ ಕಡೆ ತಿರುಗಿ, ನೀನ ಹೇಳೋ ತಾತ ಎಂದು ಕೂಗಿದಳು. ತಾತ ತಲೆ ಎತ್ತಲಿಲ್ಲ. ಚಾಲಕ ಗಾಡಿ ತಿರುಗಿಸಿದ. ನಾನು ಮೀಟರು ಒರೆಸುತ್ತಿದ್ದೆ. ಒರೆಸಲು ಅದರಲ್ಲಿ ಏನೂ ಇರಲಿಲ್ಲ.

ಬಳ್ಳಾರಿಯ ಬಸ್ಸು ಎದುರಿಗೇ ಬಂತು, ಹತ್ತಲಿಲ್ಲ. ಅದರ ಹಿಂದೆ ನಿಂತಿದ್ದ ಕರೂರಿನ ಬಸ್ಸು ಹತ್ತಿದೆ.

ಹುಲಿಗಕ್ಕ ಪಡಸಾಲೆಯಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ನನ್ನನ್ನು ನೋಡಿ ಬಾ ಅನ್ನಲಿಲ್ಲ, ದುರುಗಮ್ಮ ಅತ್ತಿಯ ಭತ್ತ ವಾಪಸ್ ಬಂದಿದೆಯಂತೆ, ನಿಮ್ಮ ಮಿಷನ್ನಿಗೆ ಏನಾಗಿದೆ ಎಂದು ಕೇಳಿದಳು. ಅವಳ ಅವ್ವ ಮಂಡಕ್ಕಿ ಒಗ್ಗರಣಿ ತಂದಿಟ್ಟರು. ತಿನ್ನಲಾಗಲಿಲ್ಲ. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಯಾರ ದನಿಯನ್ನೂ ತೆಗೆಯದೆ ಅಷ್ಟು ಹೊತ್ತು ಮಾತಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು ಇರಬೇಕು. ನಡುನಡುವೆ ನನ್ನ ದನಿ ನನಗೇ ಗುರುತು ಹತ್ತುತ್ತಿರಲಿಲ್ಲ.

ಅಕ್ಕ ಬೈಯಲಿಲ್ಲ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅವ್ವನ ಕೈಗೆ ಕೊಟ್ಟಳು.

“ತಾತನ್ನ ಎಲ್ಲೆ ಕುಂದ್ರಿಸ್ಯಾರ?”

“ಚೀಲ ಹೊಲಿಯಾಕ.”

ಕೈಯ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ, ಅಳಿಸಿ ಎಷ್ಟು ದಿನ ಆಯಿತು ಎಂದು ಕೇಳಿದಳು. ದಸರಾದ ಮುಂದಿನ ವಾರ ಅಂದೆ. ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿ ಎಣಿಸಿದಳು. ಇಪ್ಪತ್ತಾರು.

“ಮೂವತ್ತು ದಿನ ಇಟ್ಟಿರ್ತಾರಲೇ ಅವರು. ಅದರೊಳಗ ಕೇಳಿದ್ರ ಹೊಳ್ಳಿ ಕೊಡ್ತಾರ. ನೀ ಅವತ್ತ ಕೇಳಿದ್ದಿದ್ರ ಒಂದು ಬಟನ್ ಒತ್ತೋದಿತ್ತು.”

ಎದ್ದು ನಿಂತುಬಿಟ್ಟೆ. ಈಗಲೇ ಒತ್ತುತ್ತೇನೆ, ಫೋನಿನಲ್ಲೇ ಆಗುತ್ತದೆ ಅಂದೆ. ಅಕ್ಕ ತಲೆ ಅಲ್ಲಾಡಿಸಿದಳು.

“ಒತ್ತಿ ನೋಡು, ಬರಂಗಿಲ್ಲ. ಅದರ ಹೆಸರಿನ ಮ್ಯಾಲೆ ನೀ ಕುಂತೀದಿ. ನಿಂದು ಅಲ್ಲಿರೋ ತನಕ ಅದು ಬರಂಗಿಲ್ಲ. ಮದ್ಲು ನಿಂದು ತಗಿ.”

ಒತ್ತಿ ನೋಡಿದೆ. ಅವಳು ಹೇಳಿದ್ದನ್ನೇ ಗೋದಾಮಿನವರು ಇನ್ನೂ ಮರ್ಯಾದೆಯಿಂದ ಹೇಳಿದರು. ಈ ಹೆಸರಿನಲ್ಲಿ ಬೇರೊಂದು ಇದೆ, ಅದನ್ನು ತೆಗೆಯುವವರೆಗೆ ಹಳೆಯದನ್ನು ಮರಳಿಸಲಾಗದು.

ತೆಗೆಯುವುದು ಗೋದಾಮಿನಲ್ಲಿ ಸುಲಭ. ಆದರೆ ಮಿಲ್ಲುಗಳಲ್ಲಿ ಕೂತಿರುವುದು ನನ್ನ ನಕಲು. ಅದನ್ನು ಅಳಿಸಿ ಅಸಲಿಯನ್ನು ಇಳಿಸಬೇಕೆಂದರೆ ಸುಗ್ಗಿಯ ನಡುವೆ ಕಾಟಾ ನಿಲ್ಲಿಸಬೇಕು. ಕಾಟಾ ಯಾಕೆ ನಿಂತಿತು ಎಂದು ಎಲ್ಲರೂ ಕೇಳುತ್ತಾರೆ. ಉತ್ತರಕ್ಕೆ ಇರುವುದು ನಾನೊಬ್ಬನೇ. ನಾಲ್ಕು ದಿನ ಸುಮ್ಮನಿದ್ದರೆ ಅಸಲಿ ಕಾಯಂ ಆಗಿ ಅಳಿದು ಹೋಗುತ್ತದೆ. ಅಕ್ಕ ಬಾಯಿ ಬಿಡದಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ತಾತನ ಹಲ್ಲು ಸತ್ತಿದ್ದವು ಎಂಬುದೇ ಊರಿನ ಮಾತಾಗಿ ಉಳಿಯುತ್ತದೆ. ಈ ಲೆಕ್ಕ ನನ್ನ ತಲೆಯಲ್ಲಿ ಓಡಿತು. ಓಡಲಿಲ್ಲ ಎಂದು ಬರೆದರೆ ಅದು ಇನ್ನೊಂದು ನಕಲು. ಅಕ್ಕ ನನ್ನ ಮುಖ ನೋಡುತ್ತಲೇ ಇದ್ದಳು. ನಾನು ಹೇಳಿದರೆ ನಿನ್ನ ಕೆಲಸ ಹೋಗುತ್ತದೆ, ನೀನೇ ಹೇಳಿದರೆ ಹೋದರೂ ಹೋಗಬಹುದು, ಉಳಿದರೂ ಉಳಿಯಬಹುದು ಎಂದಷ್ಟೇ ಹೇಳಿ ಕೂಸನ್ನು ತಿರುಗಿ ತೆಗೆದುಕೊಂಡಳು.

ಮರುದಿನ ಬೆಳಿಗ್ಗೆ ಸರ್ ಬರುವ ಮೊದಲೇ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದೆ. ಹೇಳಿದೆ. ಅವರು ಕನ್ನಡಕ ತೆಗೆದರು. ಸೀನಲಿಲ್ಲ. ಬಹಳ ಹೊತ್ತು ಕನ್ನಡಕವನ್ನು ಅಂಗಿಯ ತುದಿಗೆ ಒರೆಸಿದರು. ಶಹಬ್ಬಾಸ್ ಅಂದಿದ್ದೆನಲ್ಲೋ ನಿನಗೆ ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾಟಾ ನಿಲ್ಲಿಸಲು ಸಾಹುಕಾರರಿಗೆ ತಾವೇ ಫೋನು ಮಾಡಿದರು, ಕಾರಣ ಮಾತ್ರ ಹೇಳಲಿಲ್ಲ.

“ಕಾರಣ ನೀ ಬಂದು ಹೇಳು. ಗೇಟಿನಾಗ ನಿಂತು ಹೇಳು. ನಿನ್ನ ದನಿಲೇ ಹೇಳು.”

ಹೊರಡುವ ಮೊದಲು ಗೋದಾಮಿನ ಕೆಲಸ ಮುಗಿಸಿದೆ. ನನ್ನದನ್ನು ಅಳಿಸು ಎಂದೆ. ಹೆಸರು ಬರೆ ಎಂದರು. ‘ಈರಣ್ಣ-ತಾತ’ ಎಂದು ಎರಡನೇ ಸಲ ಬರೆದೆ, ಈ ಸಲ ಎರಡೂ ಕೈಯಿಂದ. ಆಮೇಲೆ ಅಳಿಸಿದವುಗಳ ಪಟ್ಟಿಗೆ ಹೋಗಿ ಮರಳಿಸು ಎಂಬುದನ್ನು ಒತ್ತಿದೆ. ಒಂದು ಕ್ಷಣವೂ ಹಿಡಿಯಲಿಲ್ಲ. ಹೆಸರು, ನಂಬರು, ಅಕ್ಕ ಏರಿಸಿದ ದಿನ, ಎಲ್ಲ ಇದ್ದ ಹಾಗೆಯೇ ಬಂದು ಕೂತವು.

ಅವತ್ತು ಮೊದಲ ಸಲ ಅದನ್ನು ತೆರೆದು ನೋಡಿದೆ. ಲೆಕ್ಕದ ಜೊತೆ ಅಕ್ಕ ತನ್ನ ಎರಡು ಸುಗ್ಗಿಯ ಪಟ್ಟಿಯನ್ನೂ ಇಟ್ಟಿದ್ದಳು. ಪ್ರತಿ ಸಾಲಿನಲ್ಲೂ ಯಾವ ಊರ ಭತ್ತ, ಮೀಟರು ಎಷ್ಟೆಂದಿತು, ಒಲೆಯಲ್ಲಿ ಒಣಗಿಸಿದಾಗ ಎಷ್ಟಿತ್ತು. ಕೊನೆಯ ಕಾಲಮಿನಲ್ಲಿ ತಾತನ ಮಾತು, ಅವನು ಹೇಳಿದ ಹಾಗೆಯೇ. ‘ಇನ್ನ ಅರ್ಧ ಬಿಸಲು.’ ‘ಒಳಗ ಬಿಡು.’ ‘ಮ್ಯಾಲೆ ಒಣಗೈತಿ, ತಳ ಹಸಿ, ಇವರು ಶ್ಯಾಣ್ಯಾರು ಅದಾರ.’ ‘ಕೆಂಚನಗುಡ್ಡದ ಹೊಳಿ ದಂಡಿದು, ಒಂದು ದಿನ ತಡಿ.’ ನೂರಾರು ಸಾಲು. ಓದುತ್ತ ಹೋದಂತೆ ನನ್ನ ಬಾಯಿ ತಾನಾಗಿ ಆ ದನಿಗೆ ತಿರುಗಿತು. ಮುಚ್ಚಿಕೊಂಡೆ.

ಸಿರುಗುಪ್ಪದಲ್ಲಿ ಕಾಟಾ ನಿಂತಿತ್ತು. ಗಾಡಿಗಳ ಸಾಲು ರಸ್ತೆಯವರೆಗೆ, ಮೇಲೆ ಮೋಡ, ಮಂದಿಯ ಮುಖದಲ್ಲಿ ಸಿಟ್ಟು. ಸರ್ ಒಳಗೆ ಹೋಗಿ ಹಳೆಯದನ್ನು ಅಳಿಸಿ ಹೊಸದನ್ನು, ಅಲ್ಲ, ಹಳೆಯದನ್ನು ಇಳಿಸಿದರು. ನಾನು ಬೇವಿನ ಕೆಳಗೆ, ಖಾಲಿ ಕಲ್ಲಿನ ಪಕ್ಕ ನಿಂತು ಹೇಳಿದೆ. ಏನು ಹೇಳಿದೆ ಎಂದು ಪೂರ್ತಿ ನೆನಪಿಲ್ಲ. ಅಳಿಸಿದವನು ನಾನು, ನಕಲು ಇಟ್ಟವನು ನಾನು, ಇಷ್ಟು ದಿನ ಡಬ್ಬಿಯಲ್ಲಿ ಬಂದದ್ದು ಸುಳ್ಳು, ತಾತ ಹೇಳಿದ್ದು ಖರೆ. ಯಾರೂ ನಗಲಿಲ್ಲ. ಒಬ್ಬ ಡ್ರೈವರು ಮಾತ್ರ, ಇದು ಯಾರ ದನಿ ತೆಗೀತಿದಾನೆ ಎಂದು ಪಕ್ಕದವನನ್ನು ಕೇಳಿದ. ದುರುಗಮ್ಮ ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ನನ್ನನ್ನು ನೋಡುತ್ತಿದ್ದಳು. ಮೂರನೇ ಸಲ ಬಂದಿದ್ದಳು. ಅವಳ ಭತ್ತವನ್ನೇ ಮೊದಲು ಮೀಟರಿಗೆ ಹಾಕಿದರು. ಡಬ್ಬಿಯಲ್ಲಿ ಹದಿಮೂರು ಮೂಡಿತು. ಅವಳು ಟ್ರ್ಯಾಕ್ಟರಿನ ಹಿಂದೆ ನಡೆದು ಒಳಗೆ ಹೋದಳು.

ಕುರುಗೋಡಿನದು ಇನ್ನೊಂದು ಕಥೆ, ಅದು ಕಥೆಯೇ ಆಗಲಿಲ್ಲ. ಮಧ್ಯಾಹ್ನ ಅಲ್ಲಿಗೆ ಹೋಗಿ ಅಸಲಿಯನ್ನು ಇಳಿಸಿ, ಇಷ್ಟು ದಿನ ತಪ್ಪು ಬರುತ್ತಿತ್ತು ಎಂದರೆ, ಹೌದಾ ಅಂದರು, ಅಷ್ಟೇ. ಅಲ್ಲಿ ಕಡಿದು ನೋಡಿ ಇದು ಸುಳ್ಳು ಎನ್ನುವವರು ಯಾರೂ ಇರಲಿಲ್ಲ. ಎಷ್ಟು ಗಾಡಿ ಸುಮ್ಮನೆ ತಿರುಗಿ ಹೋದವು, ಯಾರ ಯಾರ ಭತ್ತ ರಸ್ತೆಯ ಮೇಲೆ ನೆನೆಯಿತು, ಯಾರಿಗೂ ಗೊತ್ತಿಲ್ಲ. ಆ ಖಾಲಿ ಗೇಟಿನಲ್ಲಿ ಹೋದ ವಾರ ನಾನು ಮೂಗು ಮುಚ್ಚಿಕೊಂಡು ನಿಂತದ್ದು ಅದಕ್ಕೇ. ನನ್ನ ಕೆಲಸ ಉಳಿಯಿತು. ಯಾಕೆ ಉಳಿಯಿತು ಎಂದು ಸರ್ ಅವರನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಅಳಿಸುವ ಅಧಿಕಾರ ಮಾತ್ರ ಈಗ ಅಕ್ಕನ ಹತ್ತಿರವೇ ಇದೆ.

ಆದರೆ ನೆನಪು ನಿಲ್ಲುವುದು ಸಿರುಗುಪ್ಪದಲ್ಲಿಯೇ, ದುರುಗಮ್ಮನ ಗಾಡಿ ಒಳಗೆ ಹೋದ ಮೇಲಿನ ಆ ಹೊತ್ತಿನಲ್ಲಿ. ಸಾಹುಕಾರರಿಗೆ ಮುಜುಗರವಾಗಿತ್ತು. ಅದನ್ನು ಮುಚ್ಚಲು ದೊಡ್ಡ ದನಿಯಲ್ಲಿ ನಗುತ್ತ ಶೆಡ್ಡಿಗೆ ನಡೆದರು. ನಾನೂ ಹಿಂದೆ ಹೋದೆ. ನಮ್ಮ ಹಿಂದೆ ಸಾಲಿನಲ್ಲಿದ್ದ ಮಂದಿ ಎಲ್ಲ ಬಂದರು. ತಾತ ಒಂದು ಚೀಲದ ಬಾಯಿ ಅರ್ಧ ಹೊಲಿದಿದ್ದ. ನಾನು ಅವನ ಕಾಲಿನ ಹತ್ತಿರ ಕೂತು ತಪ್ಪಾಯಿತು ತಾತ ಅಂದೆ. ಅವನು ನನ್ನ ತಲೆಯನ್ನು ಎಡಗೈಯಿಂದ ಪಕ್ಕಕ್ಕೆ ಸರಿಸಿದ. ಬೆಳಕಿಗೆ ಅಡ್ಡ ಬಂದಿದ್ದೆ. ಸಾಹುಕಾರರು, ಏಳು ತಾತಾ, ಗೇಟಿಗೆ ನಡಿ, ಎಲ್ಲ ಸರಿಹೋಯಿತು, ನಿನ್ನ ಹಲ್ಲು ಸರಿ ಇವೆ ಎಂದು ಈಗ ಮಿಷನ್ನೇ ಹೇಳಿತು ಎಂದರು.

ತಾತ ಹೊಲಿಗೆ ಪೂರ್ತಿ ಮಾಡಿದ. ಗಂಟು ಹಾಕಿದ. ಸುತ್ತಲಿಯನ್ನು ಬಲದವಡೆಗೆ ಕೊಟ್ಟು ಕಟ್ ಎಂದು ಕಡಿದ. ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು ಸಾಹುಕಾರರ ಮುಖ ನೋಡಿ ಹೇಳಿದ:

“ಹೋಗಿದ್ದು ಕಂಪ್ಯೂಟ್ರಿನಾಗಿಂದು, ಅದು ಬಂತು. ನನ್ನ ಹಲ್ಲು ಎಲ್ಲಿಗೂ ಹೋಗಿದ್ದಿಲ್ಲ ಸಾವ್ಕಾರ, ನೀವ ಕೇಳೋದು ಬಿಟ್ಟಿದ್ರಿ.”